ಹೊಸ ಕ್ಯಾನ್ಸರ್ ಮದ್ದನ್ನು ಇಲಿಯಲ್ಲಿ ಪರೀಕ್ಷಿಸುವುದು ಹೇಗೆ: ತಳಿಯ ಆಯ್ಕೆಯಿಂದ ಕೊನೆಯ ಗ್ರಾಫ್‌ವರೆಗೆ

ಇಲಿಯ ಪ್ರಯೋಗಗಳು ಹಾಳಾಗುವುದು ಹೆಚ್ಚಾಗಿ ಇಲಿಗೆ ಸೂಜಿ ತಾಗುವ ಮೊದಲೇ. ಹೊಂದದ ತಳಿ, ಹೆಸರು ಅದಲುಬದಲಾದ ಕೋಶ, ಮದ್ದಿಗೆ ಗುರಿಯೇ ಇಲ್ಲದ ಗಡ್ಡೆ. ಇವುಗಳಲ್ಲಿ ಒಂದಿದ್ದರೂ ಸಾಕು, ಆಮೇಲೆ ಎಷ್ಟು ಶ್ರದ್ಧೆಯಿಂದ ಅಳೆದರೂ ಕೈಗೆ ಸಿಗುವುದು ಅರ್ಥವಿಲ್ಲದ ಒಂದು ಚೆಂದದ ಗ್ರಾಫ್. ಹಾಗಾಗಿ ಈ ಬರಹದಲ್ಲಿ ಸಿರಿಂಜ್ ಹಿಡಿಯುವ ಹೊತ್ತು ಬರುವುದು ತಡವಾಗಿ. ಮೊದಲ ಬಾರಿಗೆ ಇಂಥ ಪ್ರಯೋಗ ಹೂಡುತ್ತಿರುವ ಸಂಶೋಧನಾ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. "ಇಲಿಯಲ್ಲಿ ಕ್ಯಾನ್ಸರ್ ಗುಣವಾಯಿತು" ಎಂಬ ಸುದ್ದಿ ಓದಿದಾಗ ಅದನ್ನು ಎಷ್ಟು ನಂಬಬೇಕು ಎಂದು ತಿಳಿಯಬಯಸುವವರಿಗೂ ಇದು ಉಪಯೋಗಕ್ಕೆ ಬಂದೀತು.

ಹೆಜ್ಜೆ 1: ಮದ್ದಿಗೆ ಏನು ಬೇಕು ಎಂದು ಬರೆದಿಡಿ

ಒಂದು ಹಾಳೆ ತೆಗೆದುಕೊಂಡು ಈ ಪ್ರಶ್ನೆಗೆ ಉತ್ತರ ಬರೆಯಿರಿ: ನನ್ನ ಮದ್ದು ಕೆಲಸ ಮಾಡಬೇಕಾದರೆ ಇಲಿಯ ಮೈಯಲ್ಲಿ ಏನೇನು ಇರಲೇಬೇಕು? ಮದ್ದು ನೇರವಾಗಿ ಕ್ಯಾನ್ಸರ್ ಕೋಶದ ಮೇಲೆ ಎರಗುವುದಾದರೆ, ಆ ಕೋಶದಲ್ಲಿ ಗುರಿಯಾದ ಪ್ರೋಟೀನು ಇದ್ದರೆ ಸಾಕು. ಟಿ ಕೋಶಗಳನ್ನು (ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲಬಲ್ಲ ಬಿಳಿ ರಕ್ತಕಣಗಳು) ಎಬ್ಬಿಸುವ ಮದ್ದಾದರೆ ಇಲಿಗೆ ಪೂರ್ತಿ ರೋಗನಿರೋಧಕ ವ್ಯವಸ್ಥೆ ಬೇಕು. ಗಡ್ಡೆ ಬೇರೆ ಅಂಗಗಳಿಗೆ ಹರಡುವುದನ್ನು ತಡೆಯುವ ಮದ್ದಾದರೆ, ನಿಜಕ್ಕೂ ಹರಡುವ ಗಡ್ಡೆ ಬೇಕು. ಚರ್ಮದಡಿ ಗುಂಡಗೆ ಬೆಳೆದು ಅಲ್ಲೇ ಕೂರುವಂಥದ್ದು ಉಪಯೋಗವಿಲ್ಲ.

ಆಂಟಿಬಾಡಿ ಮದ್ದುಗಳಲ್ಲಿ, ಅಂದರೆ ಒಂದು ನಿರ್ದಿಷ್ಟ ಗುರಿಗೆ ಹೋಗಿ ಅಂಟುವ ಪ್ರೋಟೀನುಗಳಲ್ಲಿ, ಇನ್ನೊಂದು ತೊಡಕಿದೆ. ಟಿ ಕೋಶಗಳಿಗೆ ಬ್ರೇಕ್ ಹಾಕುವ ಪಿಡಿ-1 ಎಂಬ ಪ್ರೋಟೀನನ್ನು ತಡೆಯಲು ಮನುಷ್ಯರಿಗೆ ಕೊಡುವ ಆಂಟಿಬಾಡಿ ನಿವೊಲುಮ್ಯಾಬ್, ಇಲಿಯ ಪಿಡಿ-1 ಪ್ರೋಟೀನಿಗೆ ಅಂಟುವುದಿಲ್ಲ. ಅದನ್ನೇ ಇಲಿಗೆ ಚುಚ್ಚಿ "ಪರಿಣಾಮವಿಲ್ಲ" ಎಂದು ಬರೆದರೆ ಪರೀಕ್ಷೆ ಮಾಡಿದ್ದು ನೀರನ್ನು ಎಂದಾಯಿತು. ಅದಕ್ಕೇ ಇಲಿಯ ಪಿಡಿ-1 ಅನ್ನು ಗುರುತಿಸುವ ಆರ್‌ಎಂಪಿ1-14ರಂಥ ಬದಲಿ ಆಂಟಿಬಾಡಿಗಳನ್ನು ಬಳಸುತ್ತಾರೆ. ಇಲ್ಲವೇ ಪಿಡಿ-1 ಜೀನಿನ ಜಾಗದಲ್ಲಿ ಮನುಷ್ಯನ ಜೀನನ್ನು ಕೂರಿಸಿದ ಇಲಿಗಳನ್ನು ತರಿಸುತ್ತಾರೆ. ನಿಮ್ಮ ಮದ್ದು ಇಲಿಯ ಗುರಿಗೆ ಅಂಟುತ್ತದೆಯೇ ಎಂಬುದನ್ನು ಟ್ಯೂಬಿನಲ್ಲೇ ಖಚಿತಪಡಿಸಿಕೊಂಡು ಮುಂದಕ್ಕೆ ಹೋಗಿ.

ಹೆಜ್ಜೆ 2: ಮಾದರಿ ಆರಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳಬೇಕಾದ ಜಾಗ ಇದು.

ಒಂದೇ ತಳಿಯ ಇಲಿಯಲ್ಲಿ ಹುಟ್ಟಿದ ಕ್ಯಾನ್ಸರ್ ಕೋಶವನ್ನು ಅದೇ ತಳಿಯ ಇನ್ನೊಂದು ಇಲಿಗೆ ಹಾಕುವುದು ಅತ್ಯಂತ ಬಳಕೆಯಲ್ಲಿರುವ ದಾರಿ. ಇದಕ್ಕೆ ಸಿಂಜೆನಿಕ್ ಮಾದರಿ ಎನ್ನುತ್ತಾರೆ. ಉದಾಹರಣೆಗೆ, ಬಾಲ್ಬ್/ಸಿ ತಳಿಯ ಇಲಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಕೋಶ ಸಿಟಿ26, ಸ್ತನದ 4ಟಿ1; ಕಪ್ಪು ಬಣ್ಣದ ಸಿ57ಬಿಎಲ್/6 ಇಲಿಗೆ ಕರುಳಿನ ಎಂಸಿ38, ಮೆಲನೋಮಾದ (ಚರ್ಮದ ಕ್ಯಾನ್ಸರ್‌ನ ಒಂದು ಬಗೆ) ಬಿ16ಎಫ್10, ಶ್ವಾಸಕೋಶದ ಲೂಯಿಸ್ ಕಾರ್ಸಿನೋಮಾ. ರೋಗನಿರೋಧಕ ವ್ಯವಸ್ಥೆ ಪೂರ್ತಿಯಾಗಿ ಇರುವುದರಿಂದ ಇಮ್ಯುನೋಥೆರಪಿಗೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆಗೆ, ಇವೇ ಮೊದಲ ಆಯ್ಕೆ. ತಳಿ ಅದಲುಬದಲಾಗಬಾರದು, ಸಿಟಿ26 ಅನ್ನು ಕಪ್ಪು ಇಲಿಗೆ ಹಾಕಿದರೆ ಇಲಿಯ ದೇಹ ಅದನ್ನು ಪರಕೀಯವೆಂದು ಹೊರದಬ್ಬುತ್ತದೆ, ನಿಮ್ಮ ಮದ್ದಿಗೆ ಪುಕ್ಕಟೆ ಹೆಸರು ಬರುತ್ತದೆ.

ಈ ಕೋಶಗಳೆಲ್ಲ ಒಂದೇ ಸ್ವಭಾವದವಲ್ಲ. ಸಿಟಿ26 ಮತ್ತು ಎಂಸಿ38ರಲ್ಲಿ ಜೀನ್ ರೂಪಾಂತರಗಳು ಹೆಚ್ಚು, ಟಿ ಕೋಶಗಳ ಕಣ್ಣಿಗೆ ಬೇಗ ಬೀಳುತ್ತವೆ, ಇಮ್ಯುನೋಥೆರಪಿಗೆ ಬೇಗ ಬಗ್ಗುತ್ತವೆ. ಬಿ16 ಮೊಂಡು. ರೋಗನಿರೋಧಕ ವಿಜ್ಞಾನಿ ಜೇಮ್ಸ್ ಆಲಿಸನ್ ಅವರ ತಂಡ, ಟಿ ಕೋಶಗಳ ಇನ್ನೊಂದು ಬ್ರೇಕ್ ಆದ ಸಿಟಿಎಲ್‌ಎ-4 ಪ್ರೋಟೀನನ್ನು ತಡೆಯುವ ಆಂಟಿಬಾಡಿಯಿಂದ ಇಲಿಯ ಗಡ್ಡೆಗಳು ಕರಗಿದ್ದನ್ನು 1996ರಲ್ಲಿ ಪ್ರಕಟಿಸಿತು; ಅಲ್ಲಿ ಬಳಸಿದ್ದು ಕರುಳಿನ ಗಡ್ಡೆ ಮತ್ತು ಫೈಬ್ರೋಸಾರ್ಕೋಮಾ (ನಾರಿನ ಅಂಗಾಂಶದ ಕ್ಯಾನ್ಸರ್). ಬಿ16 ಮಾತ್ರ ಆ ಆಂಟಿಬಾಡಿಯೊಂದಕ್ಕೇ ಬಗ್ಗಲಿಲ್ಲ, ಜೊತೆಗೆ ಕೋಶ-ಲಸಿಕೆಯೊಂದು ಬೇಕಾಯಿತು. ಅವರು ಬಿ16 ಒಂದರಲ್ಲೇ ನೋಡಿ ಕಡತ ಮುಚ್ಚಿದ್ದರೆ? ತಮಾಷೆಯೆಂದರೆ ಸಿಟಿಎಲ್‌ಎ-4 ಅನ್ನೇ ತಡೆಯುವ ಇಪಿಲಿಮುಮ್ಯಾಬ್ ಎಂಬ ಮದ್ದಿಗೆ 2011ರಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು ಮೆಲನೋಮಾಕ್ಕೇ. ಇಲಿಯ ಮೆಲನೋಮಾ ಕೋಶ ಮನುಷ್ಯನ ಮೆಲನೋಮಾದ ಪ್ರತಿನಿಧಿಯಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಗೊತ್ತಿಲ್ಲ. ಅಂಗದ ಹೆಸರು ನೋಡಿ ಮಾದರಿ ಆರಿಸಬೇಡಿ.

ಮನುಷ್ಯನ ಕೋಶಗಳನ್ನೇ ಇಲಿಯಲ್ಲಿ ಬೆಳೆಸಬೇಕಾದರೆ ಇಲಿಯ ರೋಗನಿರೋಧಕ ಶಕ್ತಿ ಕುಂದಿರಬೇಕು. 1966ರಲ್ಲಿ ವರದಿಯಾದ ಕೂದಲಿಲ್ಲದ ನ್ಯೂಡ್ ಇಲಿಗೆ, ಟಿ ಕೋಶಗಳು ಪಕ್ವವಾಗುವ ಥೈಮಸ್ ಗ್ರಂಥಿ ಬೆಳೆಯುವುದಿಲ್ಲ. 1969ರಲ್ಲಿ ರಿಗಾರ್ಡ್ ಮತ್ತು ಪೊವ್ಲ್‌ಸೆನ್ ಅದರಲ್ಲಿ ಮನುಷ್ಯನ ಕರುಳಿನ ಗಡ್ಡೆಯನ್ನು ಬೆಳೆಸಿ ತೋರಿಸಿದರು. ಆಮೇಲೆ ಟಿ ಕೋಶ, ಆಂಟಿಬಾಡಿ ತಯಾರಿಸುವ ಬಿ ಕೋಶ ಎರಡೂ ಇಲ್ಲದ ಸ್ಕಿಡ್ ಇಲಿ ಬಂತು, ಎನ್‌ಕೆ ಎಂಬ ಇನ್ನೊಂದು ಬಗೆಯ ರಕ್ಷಕ ಕೋಶವೂ ಇಲ್ಲದ ಎನ್‌ಎಸ್‌ಜಿ ಇಲಿ ಬಂತು. ಕೀಮೋಥೆರಪಿ ಮತ್ತು ನಿರ್ದಿಷ್ಟ ಪ್ರೋಟೀನಿಗೆ ಗುರಿಯಿಟ್ಟ ಮಾತ್ರೆಗಳಿಗೆ ಹೀಗೆ ಇಲಿಯಲ್ಲಿ ಬೆಳೆಸಿದ ಮನುಷ್ಯನ ಗಡ್ಡೆಗಳು, ಅಂದರೆ ಝೀನೋಗ್ರಾಫ್ಟ್‌ಗಳು, ಸರಿ. ಟಿ ಕೋಶಗಳನ್ನು ನೆಚ್ಚಿದ ಮದ್ದನ್ನು ಇಲ್ಲಿ ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ.

ರೋಗಿಯ ಗಡ್ಡೆಯ ತುಣುಕನ್ನೇ ನೆಟ್ಟು ಬೆಳೆಸುವ ಪಿಡಿಎಕ್ಸ್ ಮಾದರಿ ಪ್ಲಾಸ್ಟಿಕ್ ಪ್ಲೇಟಿನಲ್ಲಿ ದಶಕಗಟ್ಟಲೆ ಬೆಳೆದ ಕೋಶಗಳಿಗಿಂತ ಮೂಲ ಗಡ್ಡೆಗೆ ಹತ್ತಿರ. ಆದರೆ ಚಿಗುರಲು ತಿಂಗಳುಗಳು ಬೇಕು, ಎಲ್ಲ ತುಣುಕುಗಳೂ ಚಿಗುರುವುದಿಲ್ಲ. ಗಡ್ಡೆಯನ್ನು ಇಲಿಯಿಂದ ಇಲಿಗೆ ಕೆಲವು ಸಲ ದಾಟಿಸುವಷ್ಟರಲ್ಲೇ ಮನುಷ್ಯನ ರಕ್ತನಾಳ ಮತ್ತು ಸುತ್ತಲಿನ ಅಂಗಾಂಶ ಮಾಯವಾಗಿ ಇಲಿಯದ್ದು ಬಂದು ಕೂರುತ್ತದೆ. ಎನ್‌ಎಸ್‌ಜಿ ಇಲಿಯಲ್ಲಿ ಕೆಲವೊಮ್ಮೆ ನೆಟ್ಟ ಗಡ್ಡೆಯ ಬದಲು, ಅದರೊಳಗೆ ಅಡಗಿದ್ದ ಎಪ್‌ಸ್ಟೈನ್-ಬಾರ್ ವೈರಸ್ ಇರುವ ಬಿ ಕೋಶಗಳಿಂದ ಲಿಂಫೋಮಾ (ರೋಗನಿರೋಧಕ ಕೋಶಗಳದೇ ಕ್ಯಾನ್ಸರ್) ಬೆಳೆದುಬಿಡುತ್ತದೆ. ಬೆಳೆದದ್ದು ಏನು ಎಂದು ಪೆಥಾಲಜಿಸ್ಟ್ ನೋಡದೆ ಆ ಗಡ್ಡೆಯನ್ನು ಮುಂದಿನ ಇಲಿಗೆ ದಾಟಿಸಬಾರದು.

ಜೀನ್ ತಿದ್ದಿ, ಗಡ್ಡೆ ಅದರದೇ ಅಂಗದಲ್ಲಿ ತಾನಾಗಿ ಹುಟ್ಟುವಂತೆ ಮಾಡಿದ ಇಲಿಗಳು ಇನ್ನೊಂದು ವರ್ಗ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ 2005ರಲ್ಲಿ ಬಂದ ಕೆಪಿಸಿ ಇಲಿಯಲ್ಲಿ ಕೆರಾಸ್ ಮತ್ತು ಪಿ53 ಎಂಬ ಎರಡೂ ಜೀನುಗಳು ಕೆಟ್ಟಿರುತ್ತವೆ. ಮನುಷ್ಯರಲ್ಲಿ ಕಾಣುವ ದಟ್ಟ ನಾರಿನ ಅಂಗಾಂಶವೂ ಗಡ್ಡೆಯ ಸುತ್ತ ಬೆಳೆಯುತ್ತದೆ. ಇಷ್ಟು ಹೋಲಿಕೆ ಇದ್ದರೂ ಭರವಸೆ ಕೊಡಲಾಗದು. ಕೋಶಗಳ ನಡುವಿನ ಹೆಡ್ಜ್‌ಹಾಗ್ ಎಂಬ ಸಂಕೇತವನ್ನು ತಡೆಯುವ ಮದ್ದೊಂದು ಈ ನಾರನ್ನು ಸಡಿಲಿಸಿ ಜೆಮ್‌ಸಿಟಬಿನ್ ಎಂಬ ಕೀಮೋಥೆರಪಿ ಮದ್ದು ಒಳಹೋಗಲು ದಾರಿ ಮಾಡುತ್ತದೆ ಎಂದು 2009ರಲ್ಲಿ ಕೆಪಿಸಿ ಇಲಿಯಲ್ಲಿ ಕಂಡಿತ್ತು. ರೋಗಿಗಳ ಟ್ರಯಲ್‌ನಲ್ಲಿ ಅದೇ ಜೋಡಿ ಪಡೆದವರು, ಜೆಮ್‌ಸಿಟಬಿನ್ ಮಾತ್ರ ಪಡೆದವರಿಗಿಂತ ಕಡಿಮೆ ಕಾಲ ಬದುಕಿದರು. 2012ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ನಾರಿನ ಅಂಗಾಂಶ ಗಡ್ಡೆಯನ್ನು ಒಂದಿಷ್ಟು ಕಟ್ಟಿಹಾಕುವ ಕೆಲಸವನ್ನೂ ಮಾಡುತ್ತದೆ ಎಂದು 2014ರ ಅಧ್ಯಯನಗಳು ತೋರಿಸಿದವು, ಅದೂ ಇಲಿಗಳಲ್ಲೇ.

ನನ್ನ ಸಲಹೆ ಇಷ್ಟು: ಮದ್ದಿಗೆ ಬಗ್ಗುವ ಮಾದರಿಯೊಂದು, ಬಗ್ಗದ ಮಾದರಿಯೊಂದು, ಎರಡನ್ನೂ ಮೊದಲೇ ಆರಿಸಿಡಿ. ಮೊದಲನೆಯದರಲ್ಲಿ ಮದ್ದು ಕೆಲಸ ಮಾಡುವ ಬಗೆ ತಿಳಿಯುತ್ತದೆ, ಎರಡನೆಯದರಲ್ಲಿ ಅದರ ಮಿತಿ.

ಹೆಜ್ಜೆ 3: ಕೋಶಗಳ ಗುರುತು, ಆರೋಗ್ಯ

ಎಂಡಿಎ-ಎಂಬಿ-435 ಎಂಬ ಕೋಶವನ್ನು ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಎಂದೇ ಬಳಸಲಾಯಿತು. ಡಿಎನ್‌ಎ ನೋಡಿದಾಗ ಅದು ಎಂ14 ಎಂಬ ಮೆಲನೋಮಾ ಕೋಶದೊಂದಿಗೆ ಹೊಂದಿತು. ಅಷ್ಟರಲ್ಲಿ ಅದರ ಮೇಲೆ ರಾಶಿ ಪ್ರಬಂಧಗಳು ಬಂದಾಗಿತ್ತು. ಮನುಷ್ಯನ ಕೋಶಗಳಿಗೆ ಎಸ್‌ಟಿಆರ್ ಪರೀಕ್ಷೆ (ಡಿಎನ್‌ಎಯಿಂದ ಕೋಶದ ಗುರುತು ಹಿಡಿಯುವುದು) ಮಾಡಿಸುವುದು ದುಬಾರಿಯೇನಲ್ಲ, ಮಾಡಿಸಿ. ಮೈಕೋಪ್ಲಾಸ್ಮಾ ಪರೀಕ್ಷೆಯನ್ನು ಪ್ರತಿ ಪ್ರಯೋಗಕ್ಕೂ ಮುನ್ನ ಮಾಡಿ. ಈ ಬ್ಯಾಕ್ಟೀರಿಯಾ ಮೈಕ್ರೋಸ್ಕೋಪಿನಲ್ಲಿ ಕಾಣದೆ ಕೋಶದ ಸ್ವಭಾವವನ್ನೇ ಬದಲಿಸುತ್ತದೆ. ಇಲಿಯಿಂದ ಇಲಿಗೆ ದಾಟಿ ಬಂದ ಗಡ್ಡೆಗಳಲ್ಲಿ ಇಲಿಗಳ ವೈರಸ್‌ಗಳು ಕೂತಿರಬಹುದು. ಒಂದು ಸೋಂಕಿತ ಟ್ಯೂಬ್ ಇಡೀ ಪ್ರಾಣಿಗೃಹವನ್ನು ಖಾಲಿ ಮಾಡಿಸಬಲ್ಲದು, ಆದ್ದರಿಂದ ಆ ಪರೀಕ್ಷೆಯೂ ಬೇಕು.

ಒಳ್ಳೆಯ ಸ್ಥಿತಿಯ ಕೋಶಗಳನ್ನು ಒಂದೇ ದಿನ ಹಲವು ಟ್ಯೂಬ್‌ಗಳಲ್ಲಿ ಫ್ರೀಜ್ ಮಾಡಿ, ಪ್ರತಿ ಪ್ರಯೋಗಕ್ಕೂ ಹೊಸ ಟ್ಯೂಬ್ ತೆಗೆಯಿರಿ.

ಹೆಜ್ಜೆ 4: ಒಪ್ಪಿಗೆ, ಮತ್ತು ನಿಲ್ಲಿಸುವ ಗೆರೆ

ಸಂಸ್ಥೆಯ ಪ್ರಾಣಿ ಪ್ರಯೋಗ ನೈತಿಕ ಸಮಿತಿಯ ಲಿಖಿತ ಒಪ್ಪಿಗೆ ಇಲ್ಲದೆ, ಪಶುವೈದ್ಯರ ಕೈಕೆಳಗೆ ತರಬೇತಿ ಪಡೆಯದೆ ಮುಂದಿನ ಯಾವ ಹೆಜ್ಜೆಯೂ ಇಲ್ಲ. 1959ರಲ್ಲಿ ರಸೆಲ್ ಮತ್ತು ಬರ್ಚ್ ಮುಂದಿಟ್ಟ ಮೂರು ಸೂತ್ರಗಳು ಈಗಲೂ ಸಮಿತಿಗಳ ಅಳತೆಗೋಲು: ಪ್ರಾಣಿಯ ಬದಲು ಬೇರೆ ದಾರಿ ಇದೆಯೇ, ಸಂಖ್ಯೆ ಇಳಿಸಬಹುದೇ, ನೋವು ತಗ್ಗಿಸಬಹುದೇ.

ಸಮಿತಿಗೆ ಕೊಡುವ ಅರ್ಜಿಯಲ್ಲೇ ಇಲಿಯನ್ನು ಯಾವಾಗ ದಯಾಮರಣಕ್ಕೆ ಒಳಪಡಿಸುತ್ತೀರಿ ಎಂದು ಬರೆಯಬೇಕು. ಗಡ್ಡೆ 1.5 ಸೆಂ.ಮೀ. ಅಥವಾ ಸಂಸ್ಥೆ ಹೇಳಿದ ಅಳತೆ ತಲುಪಿದಾಗ, ತೂಕ ಶೇ. 20ರಷ್ಟು ಇಳಿದಾಗ, ಗಡ್ಡೆಯ ಮೇಲೆ ಹುಣ್ಣಾದಾಗ, ಓಡಾಟ ಮತ್ತು ತಿನ್ನುವುದು ಕುಂಠಿತವಾದಾಗ. ಒಂದು ಲೆಕ್ಕ ಗಮನಿಸಿ: 1000 ಘನ ಮಿ.ಮೀ. ಗಡ್ಡೆ ಎಂದರೆ ಸುಮಾರು ಒಂದು ಗ್ರಾಂ. 20 ಗ್ರಾಂ ತೂಗುವ ಇಲಿಗೆ ಅದು ಮೈತೂಕದ ಶೇ. 5. ಅರವತ್ತು ಕಿಲೋದ ಮನುಷ್ಯನಲ್ಲಿ ಮೂರು ಕಿಲೋದ ಗಡ್ಡೆಗೆ ಸಮ. "ಇನ್ನೆರಡು ದಿನ ನೋಡೋಣ" ಎನಿಸಿದಾಗ ಈ ಲೆಕ್ಕ ನೆನಪಿರಲಿ.

ಹೆಜ್ಜೆ 5: ಎಷ್ಟು ಇಲಿ, ಎಲ್ಲಿಂದ

ಗುಂಪಿಗೆ ಐದು ಇಲಿ ಎಂಬುದು ರೂಢಿಯಾಗಿಬಿಟ್ಟಿದೆ, ಅದಕ್ಕೆ ಲೆಕ್ಕದ ಆಧಾರವಿಲ್ಲ. ಎರಡು ಗುಂಪುಗಳ ಸರಾಸರಿಯ ಅಂತರ ಒಂದೂವರೆ ಸ್ಟ್ಯಾಂಡರ್ಡ್ ಡೀವಿಯೇಷನ್ (ಗುಂಪಿನೊಳಗಿನ ಏರುಪೇರಿನ ಅಳತೆ) ಇದ್ದರೆ, ಅದನ್ನು ನೂರರಲ್ಲಿ ಎಂಬತ್ತು ಬಾರಿ ಹಿಡಿಯಲು ಗುಂಪಿಗೆ ಎಂಟೊಂಬತ್ತು ಇಲಿ ಬೇಕು. ಅಂತರ ಚಿಕ್ಕದಾದರೆ ಸಂಖ್ಯೆ ಬೇಗ ಏರುತ್ತದೆ. ಗಡ್ಡೆಗಳ ಏರುಪೇರು ಎಷ್ಟೆಂದು ತಿಳಿಯಲು ಮದ್ದಿಲ್ಲದೆ ಕೆಲವೇ ಇಲಿಗಳಲ್ಲಿ ಬೆಳವಣಿಗೆಯ ಪೂರ್ವಪರೀಕ್ಷೆ ಮಾಡಿ. ಅದೇ ಸಂಖ್ಯೆಗಳಿಂದ ಲೆಕ್ಕ ಹಾಕಿ, ಸಂಖ್ಯಾಶಾಸ್ತ್ರ ಬಲ್ಲವರಿಗೆ ತೋರಿಸಿ. ಎಲ್ಲವೂ ಮುಗಿದ ಮೇಲೆ ತೋರಿಸಿದರೆ ಅವರು ಮಾಡುವುದಕ್ಕೇನೂ ಉಳಿದಿರುವುದಿಲ್ಲ.

ಎಲ್ಲ ಇಲಿಗಳೂ ಒಂದೇ ಕಡೆಯಿಂದ, ಒಂದೇ ವಯಸ್ಸಿನವು ಬರಲಿ. ಆರರಿಂದ ಎಂಟು ವಾರದವು ಸಾಮಾನ್ಯ. ಇದು ಗೀಳಲ್ಲ. ಎರಡು ಬೇರೆ ಪೂರೈಕೆದಾರರಿಂದ ಬಂದ ಒಂದೇ ತಳಿಯ ಇಲಿಗಳಲ್ಲಿ ಮೆಲನೋಮಾ ಬೇರೆ ಬೇರೆ ವೇಗದಲ್ಲಿ ಬೆಳೆದದ್ದನ್ನು, ಅವನ್ನು ಒಂದೇ ಪಂಜರದಲ್ಲಿ ಸಾಕಿದಾಗ ಆ ವ್ಯತ್ಯಾಸ ಅಳಿದದ್ದನ್ನು 2015ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ತಂಡ ವರದಿ ಮಾಡಿತು. ಕಾರಣ ಕರುಳಿನ ಬ್ಯಾಕ್ಟೀರಿಯಾ. ಕೋಣೆಯ ಉಷ್ಣತೆಯೂ ಆಟವಾಡುತ್ತದೆ. ನಮಗೆ ಹಿತವಾದ 22 ಡಿಗ್ರಿ ಇಲಿಗೆ ಚಳಿ. 30 ಡಿಗ್ರಿಯಲ್ಲಿ ಸಾಕಿದ ಇಲಿಗಳಲ್ಲಿ ಗಡ್ಡೆ ನಿಧಾನವಾಗಿ ಬೆಳೆದದ್ದು, ಅದರ ಹಿಂದೆ ಟಿ ಕೋಶಗಳ ಕೈವಾಡ ಇದ್ದದ್ದು 2013ರಲ್ಲಿ ಪ್ರಕಟವಾಯಿತು. ಎಲ್ಲರೂ ಕೋಣೆಯನ್ನು ಬಿಸಿ ಮಾಡಲಾಗದು. ಉಷ್ಣತೆಯನ್ನು ಬರೆದಿಡಿ, ಕೂಡಿಹಾಕಿದ ಇಲಿಗಳಿಗೆ ಗೂಡು ಕಟ್ಟಲು ಸಾಮಗ್ರಿ ಕೊಡಿ. ಬಂದ ಇಲಿಗಳನ್ನು ಕನಿಷ್ಠ ಒಂದು ವಾರ ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ಬಿಡಿ.

ಹೆಜ್ಜೆ 6: ಕೋಶಗಳನ್ನು ಹಾಕುವುದು

ಚುರುಕಾಗಿ ಬೆಳೆಯುತ್ತಿರುವ ಹಂತದಲ್ಲಿ ಕೋಶಗಳನ್ನು ಎತ್ತಿ, ಸೀರಮ್ ತೊಳೆದು, ಎಣಿಸಿ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕೋಶ ಬದುಕಿರಬೇಕು, ಇಲ್ಲದಿದ್ದರೆ ಆ ದಿನ ಕೈಬಿಡಿ. ಟ್ಯೂಬ್ ಐಸ್ ಮೇಲಿರಲಿ. ಪಕ್ಕೆಯ ಚರ್ಮದಡಿ ಸಾಮಾನ್ಯವಾಗಿ 100 ಮೈಕ್ರೋಲೀಟರ್‌ನಲ್ಲಿ ಒಂದು ಲಕ್ಷದಿಂದ ಹತ್ತು ಲಕ್ಷ ಕೋಶ. ಬಿ16ಎಫ್10, 4ಟಿ1ಗಳಿಗೆ ಕೆಳಗಿನ ಸಂಖ್ಯೆ ಸಾಕು, ಮನುಷ್ಯನ ಕೋಶಗಳಿಗೆ ಹೆಚ್ಚು ಬೇಕಾಗುತ್ತದೆ. ನಿಖರ ಸಂಖ್ಯೆ ನಿಮ್ಮ ಪೂರ್ವಪರೀಕ್ಷೆ ಹೇಳಬೇಕು. ಪ್ರತಿ ಸಲ ಸಿರಿಂಜ್ ತುಂಬುವ ಮುನ್ನ ಟ್ಯೂಬನ್ನು ಮೆಲ್ಲಗೆ ಕಲಕಿ; ಕೋಶಗಳು ತಳಕ್ಕೆ ಇಳಿಯುತ್ತವೆ, ಕಲಕದಿದ್ದರೆ ಮೊದಲ ಇಲಿಗೂ ಕೊನೆಯ ಇಲಿಗೂ ಹೋಗುವ ಸಂಖ್ಯೆಯೇ ಬೇರೆಯಾಗುತ್ತದೆ. ಸೂಜಿ ಹೊರತೆಗೆಯುವ ಮುನ್ನ ಒಂದೆರಡು ಕ್ಷಣ ತಡೆದರೆ ದ್ರವ ಹಿಂದಕ್ಕೆ ಸೋರುವುದಿಲ್ಲ.

ಮ್ಯಾಟ್ರಿಜೆಲ್ ಬೆರೆಸಿದರೆ ಹಟಮಾರಿ ಕೋಶಗಳೂ ಹಿಡಿಯುತ್ತವೆ. ಅದು ಇಲಿಯ ಸಾರ್ಕೋಮಾದಿಂದ ತೆಗೆದ ವಸ್ತು, ಬೆಳವಣಿಗೆಯ ಅಂಶಗಳಿಂದ ತುಂಬಿರುತ್ತದೆ. ಹಾಗಾಗಿ ಅಗತ್ಯವಿದ್ದರೆ ಮಾತ್ರ ಬಳಸಿ. ಸಿರಿಂಜ್, ಸೂಜಿ, ಟಿಪ್ ಎಲ್ಲವೂ ತಣ್ಣಗಿರಲಿ, ಬೆಚ್ಚಗಾದರೆ ಸೂಜಿಯಲ್ಲೇ ಗಟ್ಟಿಯಾಗುತ್ತದೆ.

ಚರ್ಮದಡಿಯ ಗಡ್ಡೆ ಅಳೆಯಲು ಸುಲಭ, ಅದಕ್ಕೇ ಎಲ್ಲರಿಗೂ ಪ್ರಿಯ. 4ಟಿ1 ಅನ್ನು ಸ್ತನದ ಕೊಬ್ಬಿನಲ್ಲೇ ಹಾಕಿದರೆ ಅದು ಶ್ವಾಸಕೋಶ, ಯಕೃತ್ತು, ಮೂಳೆಗಳಿಗೆ ತಾನಾಗಿ ಹರಡುತ್ತದೆ, ರೋಗದ ನಡಿಗೆ ನಿಜಕ್ಕೆ ಹತ್ತಿರವಾಗುತ್ತದೆ. ಒಳಗಿನ ಗಡ್ಡೆಗಳನ್ನು ನೋಡಲು ಮಿಂಚುಹುಳದ ಲೂಸಿಫರೇಸ್ ಕೂರಿಸಿದ ಕೋಶಗಳಿವೆ; ಆ ಪ್ರೋಟೀನು ಬೆಳಕು ಹೊಮ್ಮಿಸಲು ಬೇಕಾದ ಲೂಸಿಫೆರಿನ್ ಅನ್ನು ಕಿಲೋಗೆ 150 ಮಿ.ಗ್ರಾಂ ಕೊಟ್ಟು ಬೆಳಕನ್ನು ಎಣಿಸುತ್ತಾರೆ. ಪೂರ್ತಿ ರೋಗನಿರೋಧಕ ಶಕ್ತಿಯಿರುವ ಇಲಿಗೆ ಆ ಪ್ರೋಟೀನು ಪರಕೀಯ, ಅದರಿಂದಲೇ ಗಡ್ಡೆ ಕುಗ್ಗಬಹುದು ಎಂಬುದು ತಲೆಯಲ್ಲಿರಲಿ.

ಹೆಜ್ಜೆ 7: ಗುಂಪು ಮಾಡುವುದು, ಕಣ್ಣು ಕಟ್ಟುವುದು

ಕೋಶ ಹಾಕಿದ ಮರುದಿನವೇ ಮದ್ದು ಶುರು ಮಾಡುವವರಿದ್ದಾರೆ. ಫಲಿತಾಂಶ ಅದ್ಭುತವಾಗಿ ಬರುತ್ತದೆ. ಆದರೆ ಅಲ್ಲಿ ಪರೀಕ್ಷೆಯಾದದ್ದು ಕೋಶ ನೆಲೆಯೂರುವುದನ್ನು ಮದ್ದು ತಡೆಯುತ್ತದೆಯೇ ಎಂಬುದು. ಆಸ್ಪತ್ರೆಗೆ ಬರುವ ರೋಗಿಯಲ್ಲಿ ಗಡ್ಡೆ ಆಗಲೇ ಬೇರುಬಿಟ್ಟಿರುತ್ತದೆ. ಗಡ್ಡೆ ಸುಮಾರು 100 ಘನ ಮಿ.ಮೀ. ಆಗುವವರೆಗೆ ಕಾಯಿರಿ. ಬೇಕಾದುದಕ್ಕಿಂತ ಐದರಲ್ಲೊಂದು ಪಾಲು ಹೆಚ್ಚು ಇಲಿಗಳಿಗೆ ಕೋಶ ಹಾಕಿದ್ದರೆ, ತೀರ ಚಿಕ್ಕ, ತೀರ ದೊಡ್ಡ ಗಡ್ಡೆಗಳನ್ನು ಮದ್ದು ಶುರುವಾಗುವ ಮುನ್ನವೇ ಬಿಡಬಹುದು. ಶುರುವಾದ ಮೇಲೆ ಯಾವುದನ್ನೂ ಬಿಡುವಂತಿಲ್ಲ.

ಉಳಿದವನ್ನು ಗಾತ್ರದ ಪ್ರಕಾರ ಜೋಡಿಸಿ, ಕಂಪ್ಯೂಟರ್‌ನಿಂದ ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿ. ಕೈಗೆ ಸಿಕ್ಕಿದ್ದನ್ನು ಎತ್ತಿ ಹಾಕುವುದು ಯಾದೃಚ್ಛಿಕವಲ್ಲ, ಮೊದಲು ಕೈಗೆ ಸಿಗುವುದು ಮಂಕಾದ ಇಲಿ. ಒಂದು ಗುಂಪನ್ನು ಒಂದೇ ಪಂಜರದಲ್ಲಿ ಇಟ್ಟರೆ ಪಂಜರದ ಪರಿಣಾಮವೂ ಮದ್ದಿನ ಪರಿಣಾಮವೂ ಬೇರ್ಪಡಿಸಲಾಗದಂತೆ ಬೆಸೆದುಕೊಳ್ಳುತ್ತವೆ. ಗುಂಪುಗಳನ್ನು ಬೆರೆಸಿ ಇಡುವುದು ಒಳ್ಳೆಯದು. ಆದರೆ ಇಲಿಗಳು ಹಿಕ್ಕೆ ತಿನ್ನುತ್ತವೆ. ಮದ್ದು ಮಲದಲ್ಲಿ ಹೊರಬರುವಂಥದ್ದಾದರೆ ಹೋಲಿಕೆಗೆಂದು ಮದ್ದು ಕೊಡದೆ ಇಟ್ಟ ಕಂಟ್ರೋಲ್ ಇಲಿಯೂ ಅದನ್ನು ತಿಂದೀತು. ಆಗ ಪ್ರತಿ ಗುಂಪಿಗೂ ಹಲವು ಪಂಜರ ಮಾಡಿ.

ಸಿರಿಂಜ್‌ಗಳಿಗೆ ಬೇರೊಬ್ಬರು ಸಂಕೇತ ಹಚ್ಚಲಿ. ಅಳೆಯುವವರಿಗೆ ಯಾವ ಇಲಿ ಯಾವ ಗುಂಪಿನದು ಎಂಬುದು ಗೊತ್ತಿರಬಾರದು, ಕಣ್ಣು ಕಟ್ಟುವುದು ಎಂದರೆ ಇದೇ.

ಹೆಜ್ಜೆ 8: ಡೋಸ್

ಮೊದಲು ಗಡ್ಡೆಯಿಲ್ಲದ ಕೆಲವು ಇಲಿಗಳಲ್ಲಿ ತಡೆದುಕೊಳ್ಳುವ ಮಿತಿ ನೋಡಿ. ಆಮೇಲೆ ರಕ್ತದಲ್ಲಿ ಮದ್ದು ಎಷ್ಟು ಹೊತ್ತು, ಎಷ್ಟು ಪ್ರಮಾಣದಲ್ಲಿ ನಿಲ್ಲುತ್ತದೆ ಎಂದು ಅಳೆಯಿರಿ. 25 ಗ್ರಾಂ ಇಲಿಯಲ್ಲಿರುವುದು ಎರಡು ಮಿಲಿಲೀಟರ್‌ನಷ್ಟೇ ರಕ್ತ, ಒಮ್ಮೆಗೆ 0.2 ಮಿಲಿಲೀಟರ್‌ಗಿಂತ ಹೆಚ್ಚು ತೆಗೆಯುವಂತಿಲ್ಲ. ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಇಲಿಗಳಿಂದ ತೆಗೆಯಿರಿ. ಇಲಿಯ ಡೋಸನ್ನು ಮನುಷ್ಯನಿಗೆ ಹೊಂದಿಸುವ ಒರಟು ಲೆಕ್ಕದಲ್ಲಿ ಕಿಲೋವಾರು ಡೋಸನ್ನು 12.3ರಿಂದ ಭಾಗಿಸುತ್ತಾರೆ: ಇಲಿಗೆ ಕಿಲೋಗೆ 10 ಮಿ.ಗ್ರಾಂ ಎಂದರೆ ಮನುಷ್ಯನಿಗೆ ಸುಮಾರು 0.8. ರಕ್ತದಲ್ಲಿನ ಪ್ರಮಾಣ ಗೊತ್ತಿದ್ದರೆ ಈ ಭಾಗಾಕಾರಕ್ಕಿಂತ ಅದನ್ನೇ ನಂಬಿ. ಮನುಷ್ಯ ತಡೆದುಕೊಳ್ಳಲಾಗದ ಪ್ರಮಾಣದಲ್ಲಿ ಇಲಿಯ ಗಡ್ಡೆ ಕರಗಿದರೆ ಅದು ಸುದ್ದಿಯೇ ಅಲ್ಲ.

ಕಂಟ್ರೋಲ್ ಒಂದೇ ಸಾಲದು. ಮದ್ದು ಕರಗಿಸಿದ ದ್ರವ ಮಾತ್ರ ಪಡೆಯುವ ಗುಂಪು ಇರಲಿ, ಆಂಟಿಬಾಡಿಗಾದರೆ ಅದೇ ಬಗೆಯ ಗುರಿಯಿಲ್ಲದ ಆಂಟಿಬಾಡಿ ಪಡೆಯುವ ಗುಂಪು ಇರಲಿ, ಈಗ ರೋಗಿಗಳಿಗೆ ಕೊಡುತ್ತಿರುವ ಮದ್ದಿನ ಗುಂಪೂ ಇರಲಿ. ಎರಡು ಮದ್ದುಗಳ ಜೋಡಿ ಪರೀಕ್ಷಿಸುವಾಗ ಒಂದೊಂದನ್ನೇ ಪಡೆದ ಗುಂಪುಗಳು ಇಲ್ಲದಿದ್ದರೆ ಜೋಡಿಯ ಬಗ್ಗೆ ಏನೂ ಹೇಳಲಾಗದು.

ಹೆಜ್ಜೆ 9: ಅಳೆಯುವುದು

ವಾರಕ್ಕೆ ಎರಡು ಮೂರು ಸಲ, ಒಬ್ಬರೇ, ಒಂದೇ ಕ್ಯಾಲಿಪರ್‌ನಿಂದ. ಉದ್ದವನ್ನು ಅಗಲದ ವರ್ಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಗಾತ್ರ. 10 ಮಿ.ಮೀ. ಉದ್ದ, 8 ಮಿ.ಮೀ. ಅಗಲ ಎಂದರೆ 320 ಘನ ಮಿ.ಮೀ. ಅಗಲವನ್ನು 9 ಎಂದು ಓದಿದರೆ 405 ಆಗುತ್ತದೆ. ಒಂದು ಮಿಲಿಮೀಟರ್ ಕಣ್ತಪ್ಪಿಗೆ ಕಾಲು ಪಾಲಿಗಿಂತ ಹೆಚ್ಚು ವ್ಯತ್ಯಾಸ, ಅದಕ್ಕೇ ಕಣ್ಣು ಕಟ್ಟುವ ಮಾತು ಹೇಳಿದ್ದು. ಪ್ರತಿ ಸಲ ತೂಕವೂ ನೋಡಿ. ತಿನ್ನದೆ ಸೊರಗಿದ ಇಲಿಯಲ್ಲಿ ಗಡ್ಡೆಯೂ ನಿಧಾನವಾಗಿ ಬೆಳೆಯುತ್ತದೆ, ಅದನ್ನು ಮದ್ದಿನ ಗೆಲುವು ಎಂದುಕೊಳ್ಳುವುದು ಸುಲಭ.

ಪ್ರತಿ ಗುಂಪಿನಿಂದ ಮೂರು ನಾಲ್ಕು ಇಲಿಗಳನ್ನು ನಡುವೆಯೇ ತೆಗೆದು ಗಡ್ಡೆಯ ಒಳಗೆ ನೋಡುವ ಯೋಜನೆ ಮೊದಲೇ ಇರಲಿ. ಮದ್ದು ಗುರಿ ಮುಟ್ಟಿತೇ, ಟಿ ಕೋಶಗಳು ಒಳಬಂದವೇ? ಗಡ್ಡೆ ಕುಗ್ಗದೆ ಹೋದಾಗ ಮದ್ದು ತಲುಪಲೇ ಇಲ್ಲವೋ, ತಲುಪಿಯೂ ಸೋತಿತೋ ಎಂದು ಬೇರೆ ದಾರಿಯಲ್ಲಿ ತಿಳಿಯದು. ಇಮ್ಯುನೋಥೆರಪಿಯಿಂದ ಪೂರ್ತಿ ಗುಣವಾದ ಇಲಿಗಳಿದ್ದರೆ ವಾರಗಳ ನಂತರ ಅದೇ ಕೋಶವನ್ನು ಇನ್ನೊಂದು ಪಕ್ಕೆಗೆ ಹಾಕಿ, ಜೊತೆಗೆ ಅದೇ ವಯಸ್ಸಿನ ಹೊಸ ಇಲಿಗಳಿಗೂ ಹಾಕಿ. ಹೊಸತರಲ್ಲಿ ಬೆಳೆದು ಹಳೆಯದರಲ್ಲಿ ಬೆಳೆಯದಿದ್ದರೆ ದೇಹ ಆ ಗಡ್ಡೆಯನ್ನು ನೆನಪಿಟ್ಟುಕೊಂಡಿದೆ.

ಹೆಜ್ಜೆ 10: ಲೆಕ್ಕ, ಮತ್ತು ಲೆಕ್ಕದ ಓದು

ಕಂಟ್ರೋಲ್ ಗುಂಪಿನ ದೊಡ್ಡ ಗಡ್ಡೆಯ ಇಲಿಗಳು ಹೆಜ್ಜೆ 4ರ ನಿಲ್ಲಿಸುವ ಗೆರೆ ಮುಟ್ಟಿ ಮೊದಲು ಹೊರಹೋಗುತ್ತವೆ. ಉಳಿದವುಗಳ ಸರಾಸರಿ ಎಳೆದರೆ ಗೆರೆ ಇದ್ದಕ್ಕಿದ್ದಂತೆ ಕೆಳಗಿಳಿಯುತ್ತದೆ, ಗಡ್ಡೆ ಕುಗ್ಗಿದಂತೆ ಕಾಣುತ್ತದೆ. ಮೊದಲ ಇಲಿ ಹೊರಹೋದ ದಿನಕ್ಕೆ ಸರಾಸರಿಯನ್ನು ನಿಲ್ಲಿಸಿ, ಒಂದೊಂದು ಇಲಿಗೂ ಒಂದೊಂದು ಗೆರೆ ತೋರಿಸಿ. ಹೋಲಿಕೆಗೆ ಲಾಗ್ ಗಾತ್ರದ ಮೇಲೆ ಮಿಶ್ರ-ಪರಿಣಾಮ ಮಾದರಿ (ಒಂದೇ ಇಲಿಯ ಹಲವು ದಿನಗಳ ಅಳತೆಗಳನ್ನು ಒಟ್ಟಿಗೆ ನೋಡುವ ಲೆಕ್ಕ), ಬದುಕಿದ ಅವಧಿಗೆ ಕಪ್ಲಾನ್-ಮೈಯರ್ ಗೆರೆ ಮತ್ತು ಅಂಥ ಗೆರೆಗಳನ್ನು ಹೋಲಿಸುವ ಲಾಗ್-ರ‍್ಯಾಂಕ್ ಪರೀಕ್ಷೆ. ದಿನಕ್ಕೊಂದರಂತೆ ಟಿ-ಟೆಸ್ಟ್ (ಎರಡು ಸರಾಸರಿಗಳನ್ನು ಹೋಲಿಸುವ ಪರೀಕ್ಷೆ) ಮಾಡಿ ಚೆನ್ನಾಗಿ ಕಂಡ ದಿನವನ್ನು ಆರಿಸಬೇಡಿ.

ಈಗ ಒಂದು ಉದಾಹರಣೆ. ಕಂಟ್ರೋಲ್‌ನಲ್ಲಿ ಗಡ್ಡೆ 100ರಿಂದ 1500 ಘನ ಮಿ.ಮೀ.ಗೆ ಏರಿತು, ಮದ್ದು ಪಡೆದವುಗಳಲ್ಲಿ 100ರಿಂದ 500ಕ್ಕೆ. ಪ್ರಬಂಧದಲ್ಲಿ "ಶೇ. 71 ಬೆಳವಣಿಗೆ ತಡೆ" ಎಂದು ಬರೆಯುತ್ತಾರೆ, ಲೆಕ್ಕ ಸರಿಯೇ. ಆದರೆ ಮದ್ದು ಪಡೆದ ಗಡ್ಡೆ ಐದು ಪಟ್ಟಾಗಿದೆ. ರೋಗಿಗಳ ಟ್ರಯಲ್‌ಗಳಲ್ಲಿ ವ್ಯಾಸ ಶೇ. 20 ಹೆಚ್ಚಿದರೆ, ಅಂದರೆ ಗಾತ್ರ ಶೇ. 73ರಷ್ಟು ಏರಿದರೆ, ರೋಗ ಮುಂದುವರಿದಿದೆ ಎಂದು ಆ ಮದ್ದನ್ನು ನಿಲ್ಲಿಸುತ್ತಾರೆ. ಭಾಗಶಃ ಗುಣ ಎನ್ನಬೇಕಾದರೆ ವ್ಯಾಸ ಶೇ. 30 ಇಳಿಯಬೇಕು, ಗಾತ್ರದಲ್ಲಿ ಅದು ಮೂರನೇ ಎರಡು ಪಾಲು ಕರಗಿದಂತೆ. ಇಲಿಯಲ್ಲಿ ಗಡ್ಡೆ ನಿಧಾನವಾಯಿತೋ, ನಿಂತಿತೋ, ಕರಗಿತೋ ಎಂಬ ಮೂರನ್ನು ಬೇರೆ ಬೇರೆಯಾಗಿಯೇ ವರದಿ ಮಾಡಿ.

ಮತ್ತೆ ಮಾಡಿ ನೋಡದೆ ಯಾರಿಗೂ ಹೇಳಬೇಡಿ. ಪ್ರಭಾವಿ ಕ್ಯಾನ್ಸರ್ ಪ್ರಬಂಧಗಳ ಪ್ರಯೋಗಗಳನ್ನು ಮತ್ತೆ ಮಾಡಿದ ದೊಡ್ಡ ಯೋಜನೆಯೊಂದು 2021ರಲ್ಲಿ ಮುಗಿದಾಗ, ಮರುಪ್ರಯೋಗದಲ್ಲಿ ಕಂಡ ಪರಿಣಾಮದ ಗಾತ್ರ ಮಧ್ಯಾಂಕದಲ್ಲಿ ಮೂಲದ್ದಕ್ಕಿಂತ ಶೇ. 85ರಷ್ಟು ಚಿಕ್ಕದಾಗಿತ್ತು. ಎರಡನೇ ಸುತ್ತನ್ನು ಹೆಜ್ಜೆ 2ರಲ್ಲಿ ಆರಿಸಿಟ್ಟ ಮೊಂಡು ಮಾದರಿಯಲ್ಲಿ, ಬೇರೊಬ್ಬರ ಕೈಯಿಂದ, ಮನುಷ್ಯನ ರಕ್ತದಲ್ಲಿ ತಲುಪಬಹುದಾದ ಪ್ರಮಾಣದಲ್ಲಿ ಮಾಡಿಸಿ. ಬರೆಯುವಾಗ 2020ರಲ್ಲಿ ಪರಿಷ್ಕೃತವಾದ ಅರೈವ್ ಪಟ್ಟಿಯನ್ನು (ಪ್ರಾಣಿ ಪ್ರಯೋಗದ ವರದಿಯಲ್ಲಿ ಏನೇನು ಇರಬೇಕು ಎಂಬ ಪಟ್ಟಿ) ಎದುರಿಗಿಟ್ಟುಕೊಳ್ಳಿ: ತಳಿ, ಲಿಂಗ, ವಯಸ್ಸು, ಪಂಜರ, ಹೊರಗಿಟ್ಟ ಇಲಿಗಳು ಮತ್ತು ಕಾರಣ. ಮದ್ದು ಸೋತ ಮಾದರಿಯ ಗ್ರಾಫ್ ಕೂಡ ಅದೇ ಪ್ರಬಂಧದಲ್ಲಿ, ಗೆದ್ದದ್ದರ ಪಕ್ಕದಲ್ಲೇ, ಅದೇ ಅಳತೆಯ ಅಕ್ಷದಲ್ಲಿ ಅಚ್ಚಾಗಲಿ.